ಸ್ಯಾನ್‌ನಲ್ಲಿ ಟ್ರಾಫಿಕ್ ಕಮ್ಮಿ, ಆದ್ರೂ ಎಲ್ಲ ಸ್ಲೋ ಯಾಕೆ?

[ಸ್ಕ್ರೀನ್: ಹಸಿರು ಗ್ರಾಫ್‌ಗಳು ತುಂಬಿದ ಡ್ಯಾಶ್‌ಬೋರ್ಡ್]

ನಮಸ್ಕಾರ. ಸ್ಯಾನ್ ಅಂದರೆ ಸರ್ವರ್‌ಗಳನ್ನು ಸ್ಟೋರೇಜ್‌ಗೆ ಜೋಡಿಸುವ ಪ್ರತ್ಯೇಕ ನೆಟ್‌ವರ್ಕ್. ಡೇಟಾಬೇಸ್ ಟೀಮಿನಿಂದ ಒಂದು ಟಿಕೆಟ್ ಬಂದಿದೆ ಅಂದುಕೊಳ್ಳಿ. "ಸ್ಟೋರೇಜ್ ಸ್ಲೋ ಇದೆ, ನೋಡಿ." ನೀವು ಗ್ರಾಫ್ ತೆಗೆದು ನೋಡುತ್ತೀರಿ. ಎರಡು ಸ್ವಿಚ್‌ಗಳ ನಡುವಿನ ಲಿಂಕ್, ಅಂದರೆ ಐಎಸ್‌ಎಲ್, 20 ಪರ್ಸೆಂಟ್ ಕೂಡ ತುಂಬಿಲ್ಲ. ಸ್ಟೋರೇಜ್ ಆರಾಮಾಗಿದೆ. ನಮ್ಮ ಕಡೆ ಏನೂ ತೊಂದರೆ ಇಲ್ಲ ಅಂತ ಬರೆದು ಟಿಕೆಟ್ ಮುಚ್ಚೋಣ ಅನಿಸುತ್ತದೆ, ಅಲ್ವಾ? ದಯವಿಟ್ಟು ಮುಚ್ಚಬೇಡಿ. ಸ್ಯಾನ್‌ನಲ್ಲಿ ಡೇಟಾ ಸಾಗಿಸುವ ಫೈಬರ್ ಚಾನೆಲ್ ತಂತ್ರಜ್ಞಾನದಲ್ಲಿ ಲಿಂಕ್ ಖಾಲಿ ಕಾಣುವುದೇ ಕೆಲವು ಸಲ ರೋಗದ ಲಕ್ಷಣ.

ಯಾಕೆ ಅಂತ ನೋಡೋಣ. ಮಾಮೂಲಿ ಈಥರ್ನೆಟ್‌ನಲ್ಲಿ ಜಾಗ ಇಲ್ಲದಿದ್ದರೆ ಸ್ವಿಚ್ ಪ್ಯಾಕೆಟ್ ಬಿಸಾಡುತ್ತದೆ, ಟಿಸಿಪಿ ಮತ್ತೆ ಕಳಿಸುತ್ತದೆ. ಫೈಬರ್ ಚಾನೆಲ್ ಹಾಗಲ್ಲ. ಇಲ್ಲಿ ಆಚೆ ಕಡೆ ಜಾಗ ಇದೆ ಅಂತ ಗೊತ್ತಾಗದೆ ಒಂದು ಫ್ರೇಮ್, ಅಂದರೆ ಡೇಟಾದ ಒಂದು ತುಂಡು ಕೂಡ ಹೊರಡುವುದಿಲ್ಲ. ಲಿಂಕ್ ಶುರುವಾಗುವಾಗಲೇ ಪ್ರತಿ ಪೋರ್ಟ್ ತನ್ನಲ್ಲಿ ಎಷ್ಟು ಬಫರ್ (ಬಂದ ಫ್ರೇಮ್ ಇಟ್ಟುಕೊಳ್ಳುವ ಜಾಗ) ಇದೆ ಅಂತ ಎದುರಿನ ಪೋರ್ಟ್‌ಗೆ ಹೇಳುತ್ತದೆ. ಅಷ್ಟು ಕ್ರೆಡಿಟ್ ಸಿಕ್ಕಿತು ಅಂತ ಅರ್ಥ. ಒಂದು ಫ್ರೇಮ್ ಕಳಿಸಿದರೆ ಒಂದು ಕ್ರೆಡಿಟ್ ಖರ್ಚು. ಆಚೆಯವರು ಬಫರ್ ಖಾಲಿ ಮಾಡಿ "ಆರ್ ರೆಡಿ" ಅನ್ನುವ ಸಿಗ್ನಲ್ ಕಳಿಸಿದರೆ ಆ ಕ್ರೆಡಿಟ್ ವಾಪಸ್. ಮನೆಗೆ ನೀರಿನ ಕ್ಯಾನ್ ಹಾಕುವವರು ಖಾಲಿ ಕ್ಯಾನ್ ಕೊಟ್ಟರೆ ಮಾತ್ರ ತುಂಬಿದ್ದು ಇಳಿಸುತ್ತಾರಲ್ಲ, ಹಾಗೆ.

[ಸ್ಕ್ರೀನ್: ಸ್ಟೋರೇಜ್ – ಸ್ವಿಚ್ 1 – ಐಎಸ್‌ಎಲ್ – ಸ್ವಿಚ್ 2 – ಮೂರು ಸರ್ವರ್]

ಈಗ ಸ್ವಿಚ್ 2ಕ್ಕೆ ಮೂರು ಸರ್ವರ್ ಸೇರಿಸಿದ್ದೀರಿ. ಅದರಲ್ಲಿ ಒಂದು, ಬಂದ ಫ್ರೇಮ್‌ಗಳನ್ನು ಬೇಗ ತಗೊಳ್ಳುತ್ತಿಲ್ಲ. ಕ್ರೆಡಿಟ್ ವಾಪಸ್ ಕೊಡುವುದು ತಡ ಮಾಡುತ್ತಿದೆ. ಅದಕ್ಕೆ ಹೋಗಬೇಕಾದ ಫ್ರೇಮ್‌ಗಳು ಸ್ವಿಚ್ 2ರಲ್ಲೇ ನಿಲ್ಲುತ್ತವೆ. ಸ್ವಿಚ್ 2ರ ಬಫರ್ ತುಂಬುತ್ತದೆ. ಆಗ ಅದು ಸ್ವಿಚ್ 1ಕ್ಕೆ ಕ್ರೆಡಿಟ್ ಕೊಡುವುದನ್ನು ನಿಧಾನ ಮಾಡುತ್ತದೆ. ಈಗ ಐಎಸ್‌ಎಲ್ ನಿಂತಿತು. ಅದೇ ದಾರಿಯಲ್ಲಿ ಬರಬೇಕಾದ ಉಳಿದೆರಡು ಸರ್ವರ್‌ಗಳ ಡೇಟಾವೂ ನಿಂತಿತು. ಯಾವ ತಪ್ಪೂ ಮಾಡದ ಸರ್ವರ್‌ಗಳು! ಕಂಪ್ಲೇಂಟ್ ಬರುವುದೂ ಸಾಮಾನ್ಯವಾಗಿ ಇವುಗಳಿಂದಲೇ. ಇದನ್ನೇ ಸ್ಲೋ ಡ್ರೈನ್ ಅನ್ನುತ್ತಾರೆ. ಡೇಟಾ ಕದಲುತ್ತಿಲ್ಲವಲ್ಲ, ಹಾಗಾಗಿ ಗ್ರಾಫ್‌ನಲ್ಲಿ ಐಎಸ್‌ಎಲ್ ಖಾಲಿ ಕಾಣುತ್ತದೆ.

ಆದ್ದರಿಂದ ಎಷ್ಟು ಡೇಟಾ ಹೋಯಿತು ಅನ್ನುವುದಕ್ಕಿಂತ ಮೊದಲು, ಹೋಗಬೇಕಾದ ಡೇಟಾ ಎಷ್ಟು ಹೊತ್ತು ಕಾಯಿತು ಅಂತ ನೋಡಿ. ಇದಕ್ಕೆ ಸ್ವಿಚ್‌ನಲ್ಲೇ ಕೌಂಟರ್ ಇದೆ. ಸಿಸ್ಕೊ ಕಂಪನಿಯ ಎಂಡಿಎಸ್ ಸ್ವಿಚ್‌ಗಳಲ್ಲಿ ಇದರ ಹೆಸರು ಟಿಎಕ್ಸ್‌ವೇಟ್. ಬ್ರೊಕೇಡ್ ಸ್ವಿಚ್‌ಗಳಲ್ಲೂ ಕ್ರೆಡಿಟ್ ಸೊನ್ನೆಯಾಗಿದ್ದ ಸಮಯ ಎಣಿಸುವ ಕೌಂಟರ್ ಇದೆ. ಎರಡರಲ್ಲೂ ಒಂದು ಟಿಕ್ ಅಂದರೆ 2.5 ಮೈಕ್ರೋಸೆಕೆಂಡ್.

[ಸ್ಕ್ರೀನ್: ಎರಡು ರೀಡಿಂಗ್, ಒಂದರ ಕೆಳಗೆ ಒಂದು]

ಒಂದು ಉದಾಹರಣೆ ಲೆಕ್ಕ ಮಾಡೋಣ. ಈಗ ಕೌಂಟರ್ 8,40,00,000 ಇದೆ. 10 ಸೆಕೆಂಡ್ ಬಿಟ್ಟು ನೋಡಿದರೆ 8,52,00,000. ವ್ಯತ್ಯಾಸ 12,00,000 ಟಿಕ್. ಅದನ್ನು 2.5 ಮೈಕ್ರೋಸೆಕೆಂಡ್‌ನಿಂದ ಗುಣಿಸಿದರೆ 3 ಸೆಕೆಂಡ್. ಅಂದರೆ 10 ಸೆಕೆಂಡ್‌ನಲ್ಲಿ 3 ಸೆಕೆಂಡ್ ಆ ಪೋರ್ಟ್ ಸುಮ್ನೆ ಕಾದು ನಿಂತಿತ್ತು. 30 ಪರ್ಸೆಂಟ್! ಇದು ತುಂಬಾ ಜಾಸ್ತಿ. ಮೊದಲ ಸಂಖ್ಯೆಯನ್ನು ಮಾತ್ರ ನೋಡಿ ಗಾಬರಿಯಾಗಬೇಡಿ. ಅದು ಕೌಂಟರ್ ಕ್ಲಿಯರ್ ಮಾಡಿದ ದಿನದಿಂದ ಸೇರುತ್ತಾ ಬಂದದ್ದು. ನಮಗೆ ಬೇಕಾದದ್ದು ವ್ಯತ್ಯಾಸ.

5 ನಿಮಿಷಕ್ಕೊಮ್ಮೆ ಓದುವ ಟೂಲ್‌ನಲ್ಲಿ ಇದೇ 3 ಸೆಕೆಂಡ್ ಬರೀ 1 ಪರ್ಸೆಂಟ್ ಆಗಿ ಕಾಣುತ್ತದೆ. ಹುಡುಕುವ ಹೊತ್ತಿನಲ್ಲಾದರೂ ಕೆಲವೇ ಸೆಕೆಂಡ್‌ಗೊಮ್ಮೆ ಓದಿ.

ಕಳ್ಳನನ್ನು ಹಿಡಿಯುವುದು ಹೇಗೆ? ಡೇಟಾ ಹೋಗುವ ದಿಕ್ಕಿನಲ್ಲೇ ನಡೆಯಿರಿ. ಸ್ವಿಚ್ 1ರ ಐಎಸ್‌ಎಲ್ ಪೋರ್ಟ್‌ನಲ್ಲಿ ಟಿಎಕ್ಸ್‌ವೇಟ್ ಏರುತ್ತಿದ್ದರೆ ಅಪರಾಧಿ ಅದಲ್ಲ, ಮುಂದೆ ಎಲ್ಲೋ ಇದ್ದಾನೆ. ಸ್ವಿಚ್ 2ಕ್ಕೆ ಹೋಗಿ, ಸರ್ವರ್ ಪೋರ್ಟ್‌ಗಳನ್ನು ನೋಡಿ. ಅಲ್ಲಿ ಯಾವುದರಲ್ಲಿ ಏರುತ್ತಿದೆಯೋ ಆ ಸರ್ವರ್ ಸ್ಲೋ ಡ್ರೈನ್. ಯಾವ ಸರ್ವರ್ ಪೋರ್ಟ್‌ನಲ್ಲೂ ಏರುತ್ತಿಲ್ಲ, ಆದರೆ ಒಂದು ಪೋರ್ಟ್ 100 ಪರ್ಸೆಂಟ್ ಹತ್ತಿರ ಓಡುತ್ತಿದೆಯಾ? ಹಾಗಾದರೆ ಕಥೆ ಬೇರೆ. ಆ ಸರ್ವರ್ ಕ್ರೆಡಿಟ್ ಸರಿಯಾಗಿಯೇ ಕೊಡುತ್ತಿದೆ, ತನ್ನ ಲಿಂಕ್ ಹೊರಲಾರದಷ್ಟು ಡೇಟಾ ಕೇಳುತ್ತಿದೆ ಅಷ್ಟೇ. ಸ್ಟೋರೇಜ್ ಪೋರ್ಟ್ 32ಜಿ ವೇಗದ್ದು, ಸರ್ವರ್‌ನಲ್ಲಿ ಹಳೇ 8ಜಿ ಎಚ್‌ಬಿಎ (ಸರ್ವರನ್ನು ಸ್ಯಾನ್‌ಗೆ ಜೋಡಿಸುವ ಕಾರ್ಡ್) ಇದ್ದಾಗ ಹೀಗಾಗುತ್ತದೆ. ಉಳಿದವರಿಗೆ ಬೀಳುವ ಪೆಟ್ಟು ಮಾತ್ರ ಅದೇ.

ಕೇಬಲ್, ಅದನ್ನು ಚುಚ್ಚುವ ಎಸ್‌ಎಫ್‌ಪಿ ಮಾಡ್ಯೂಲ್ ಕೂಡ ಮರೆಯಬೇಡಿ. ಕೊಳೆಯಾದ ಕನೆಕ್ಟರ್‌ನಿಂದ "ಆರ್ ರೆಡಿ" ಸಿಗ್ನಲ್ಲೇ ಕೆಟ್ಟುಹೋದರೆ ಅದನ್ನು ಯಾರೂ ಮತ್ತೆ ಕಳಿಸುವುದಿಲ್ಲ. ಕ್ರೆಡಿಟ್ ರಿಕವರಿ ಆನ್ ಇಲ್ಲದಿದ್ದರೆ, ಲಿಂಕ್ ರೀಸೆಟ್ ಆಗುವ ತನಕ ಆ ಕ್ರೆಡಿಟ್ ಹೋದಹಾಗೇ. ಡೇಟಾ ದಾರಿಯಲ್ಲಿ ಕೆಟ್ಟಿದೆ ಅಂತ ತೋರಿಸುವ ಸಿಆರ್‌ಸಿ ಎರರ್ ಒಂದೊಂದೇ ಏರುತ್ತಿದ್ದರೂ ಗಂಭೀರವಾಗಿ ತಗೊಳ್ಳಿ.

ಕಾಯುವುದಕ್ಕೂ ಮಿತಿ ಇದೆ. ಸಾಮಾನ್ಯವಾಗಿ ಅರ್ಧ ಸೆಕೆಂಡ್ ಆದ ಮೇಲೆ ಸ್ವಿಚ್ ಆ ಫ್ರೇಮ್ ಬಿಸಾಡುತ್ತದೆ. ಆಮೇಲಿನದು ಇನ್ನೂ ಕಷ್ಟ. ಲಿನಕ್ಸ್‌ನಲ್ಲಿ ಡಿಸ್ಕ್ ಕಮಾಂಡ್‌ನ ಡಿಫಾಲ್ಟ್ ಟೈಮ್‌ಔಟ್ 30 ಸೆಕೆಂಡ್. ಒಂದು ಫ್ರೇಮ್ ಹೋದದ್ದಕ್ಕೆ ಅಪ್ಲಿಕೇಶನ್ ಅಷ್ಟು ಹೊತ್ತು ಹ್ಯಾಂಗ್ ಆಗಿ ನಿಲ್ಲಬಹುದು. ಹೀಗೆ ಬಿಸಾಡಿದ ಫ್ರೇಮ್ ಎಣಿಸುವ ಟೈಮ್‌ಔಟ್ ಡಿಸ್ಕಾರ್ಡ್ ಕೌಂಟರ್ ಒಂದು ಏರಿದರೂ ಅಲರ್ಟ್ ಬರಲಿ ಅಂತ ನಾನು ಹೇಳುವುದು ಇದಕ್ಕೇ.

ಸ್ವಿಚ್ ಒಂದನ್ನೇ ನೋಡಿದರೂ ಸಾಲದು. ಡಿಸ್ಕ್‌ನಿಂದ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಸರ್ವರ್ ಕಡೆಯಿಂದಲೂ ನೋಡಬೇಕು. ವಿಎಂವೇರ್ ಇದ್ದರೆ ಇಎಸ್‌ಎಕ್ಸ್‌ಟಾಪ್ ಟೂಲ್‌ನಲ್ಲಿ ಡಿ-ಆವರೇಜ್ ನೋಡಿ, ಲಿನಕ್ಸ್‌ನಲ್ಲಿ ಐಒಸ್ಟ್ಯಾಟ್ ಕಮಾಂಡ್‌ನ ಆರ್-ಅವೇಟ್ ನೋಡಿ. ಅದೇ ಸಮಯಕ್ಕೆ ಸ್ಟೋರೇಜ್ ಏನು ಹೇಳುತ್ತದೆ ಅಂತ ಪಕ್ಕದಲ್ಲಿಡಿ. ಸ್ಟೋರೇಜ್ ಅರ್ಧ ಮಿಲಿಸೆಕೆಂಡ್ ಅನ್ನುತ್ತಿದೆ, ಸರ್ವರ್ 15 ಅನ್ನುತ್ತಿದೆ ಅಂದರೆ ಆ ವ್ಯತ್ಯಾಸ ನಡುದಾರಿಯಲ್ಲಿ ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು.

ಸಿಕ್ಕಿಬಿದ್ದ ಸರ್ವರ್‌ಗೆ ಏನು ಮಾಡುವುದು? ಎಚ್‌ಬಿಎ ಬದಲಾಯಿಸುವುದು ಒಳ್ಳೆಯದು, ಆದರೆ ಅದಕ್ಕೆ ಬಜೆಟ್, ಡೌನ್‌ಟೈಮ್ ಎರಡೂ ಬೇಕು. ಅಲ್ಲಿಯವರೆಗೆ ಕ್ಯೂ ಡೆಪ್ತ್ (ಸರ್ವರ್ ಒಂದೇ ಸಲಕ್ಕೆ ಕಳಿಸಬಹುದಾದ ಕಮಾಂಡ್‌ಗಳ ಮಿತಿ) ಇಳಿಸಿ, ಅದು ಒಟ್ಟಿಗೆ ಕೇಳುವ ಡೇಟಾ ಕಮ್ಮಿಯಾಗುತ್ತದೆ. ನಿಮ್ಮ ಸ್ವಿಚ್‌ನಲ್ಲಿ ಸೌಲಭ್ಯ ಇದ್ದರೆ ಆ ಸರ್ವರ್‌ನ ಟ್ರಾಫಿಕ್ಕನ್ನು ಐಎಸ್‌ಎಲ್‌ನಲ್ಲೇ ಬೇರೆ ವರ್ಚುವಲ್ ಲಿಂಕ್‌ಗೆ ಹಾಕಿ. ಹೊಸ ಸ್ವಿಚ್, ಹೊಸ ಡ್ರೈವರ್ ಇರುವವರು ಎಫ್‌ಪಿನ್ ಸಪೋರ್ಟ್ ಇದೆಯಾ ನೋಡಿ. ದಟ್ಟಣೆ ಕಂಡ ಕೂಡಲೇ ಸ್ವಿಚ್ ಅದನ್ನು ನೇರ ಸರ್ವರ್‌ಗೇ ತಿಳಿಸುವ ವ್ಯವಸ್ಥೆ ಅದು. ಎಚ್‌ಬಿಎ ಡ್ರೈವರ್, ಸ್ಟೋರೇಜ್‌ಗೆ ಇರುವ ಹಲವು ದಾರಿಗಳನ್ನು ನಿಭಾಯಿಸುವ ಮಲ್ಟಿಪಾತ್ ಸಾಫ್ಟ್‌ವೇರ್, ಸ್ವಿಚ್ ಮೂರಕ್ಕೂ ಸಪೋರ್ಟ್ ಇದ್ದರೆ ಮಾತ್ರ ಅದು ಪೂರ್ತಿ ಕೆಲಸಕ್ಕೆ ಬರುತ್ತದೆ.