ಮಾತ್ರೆ ನುಂಗಿದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಮಾನಸಿಕ ಕಾಯಿಲೆಯವರ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ನರ್ಸ್. ಅಲ್ಲಿ ರಾತ್ರಿ ಊಟ ಮುಗಿಯಿತು ಅಂದರೆ ಮಾತ್ರೆಯ ಹೊತ್ತು. ಟ್ರಾಲಿ ತಳ್ಳಿಕೊಂಡು ಒಂದೊಂದೇ ಮಂಚದ ಹತ್ತಿರ ಹೋಗುತ್ತೇವೆ. ಮೊದಲು ಹೆಸರು ಕೇಳಬೇಕು. "ನೀವು ಇಂಥವರಾ?" ಅಂತ ಕೇಳಿದರೆ ನಿದ್ದೆಗಣ್ಣಿನಲ್ಲಿರುವವರು ಯಾವ ಹೆಸರಿಗಾದರೂ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರೇನು?" ಅಂತ ಕೇಳಿ, ಕೇಸ್ ಶೀಟ್ ನೋಡಿ, ಆಮೇಲೆ ಮಾತ್ರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಇದರಲ್ಲಿ ತಪ್ಪಿದೆ. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಅವಸರದಲ್ಲಿ ಒಬ್ಬರ ಮಾತ್ರೆಯನ್ನು ಇನ್ನೊಬ್ಬರ ಅಂಗೈಗೆ ಹಾಕಿದೆ. ಆಕೆ ನುಂಗಲಿಲ್ಲ. ದೀಪದ ಬೆಳಕಿಗೆ ಹಿಡಿದು ನೋಡಿ, "ಸಿಸ್ಟರ್, ನಂದು ಬಿಳೀದು ಅಲ್ವಾ?" ಅಂದರು. ಊರಿನವರು ತಲೆ ಸರಿ ಇಲ್ಲ ಅಂತ ತಂದು ಬಿಟ್ಟಿದ್ದ ಹೆಂಗಸು ಅವತ್ತು ನನ್ನ ತಪ್ಪು ಹಿಡಿದರು. ಅಂದಿನಿಂದ ಯಾರಾದರೂ "ಈ ಮಾತ್ರೆ ಬೇಡ" ಅಂದರೆ ಯಾಕೆ ಅಂತ ಕೇಳದೆ ನಾನು ಮುಂದಿನ ಮಂಚಕ್ಕೆ ಹೋಗಿದ್ದಿಲ್ಲ.

ಮಾತ್ರೆಯನ್ನು ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಬಚ್ಚಿಡುವವರು ಇರುತ್ತಾರೆ. ನೀರು ಕುಡಿದ ಮೇಲೆ "ಒಂದ್ಸಲ ಬಾಯಿ ತೆಗೀರಿ, ನಾಲಿಗೆ ಎತ್ತಿ" ಅನ್ನುವುದು ನಮ್ಮ ರೂಢಿ. ಸಿಕ್ಕಿತು ಅಂತ ಗದರಿಸಿದರೆ ನಾಳೆ ಇನ್ನೂ ಚೆನ್ನಾಗಿ ಬಚ್ಚಿಡುತ್ತಾರೆ, ಅಷ್ಟೆ. ಪಕ್ಕದಲ್ಲಿ ಕೂತು ಕೇಳಿದರೆ ಕಾರಣ ಹೊರಗೆ ಬರುತ್ತದೆ. ಕೈ ನಡುಗುತ್ತದೆ. ಬೆಳಿಗ್ಗೆ ಏಳಕ್ಕಾಗುವುದಿಲ್ಲ. ಮೈ ಊದಿಕೊಂಡಿದೆ. ಇವೆಲ್ಲ ನೆಪ ಅಲ್ಲ, ಡಾಕ್ಟರಿಗೆ ಹೇಳಲೇಬೇಕಾದ ಸುದ್ದಿ.

ಇವತ್ತು ಲಿಥಿಯಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಬೈಪೋಲಾರ್ ಕಾಯಿಲೆಗೆ, ಅಂದರೆ ಕೆಲವು ದಿನ ಉಬ್ಬರ, ಕೆಲವು ದಿನ ಕುಸಿತ ಅನ್ನುವ ಕಾಯಿಲೆಗೆ, ಇದು ಹಳೆಯ ಮತ್ತು ಒಳ್ಳೆಯ ಮದ್ದು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಇದರ ಗುಣವನ್ನು ಬರೆದು ತಿಳಿಸಿದರು. ಕಷ್ಟ ಏನಂದರೆ, ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ಬಹಳ ಕಡಿಮೆ. ಒಂದು ಲೀಟರ್ ರಕ್ತಕ್ಕೆ ಇಷ್ಟು ಮಿಲಿಮೋಲ್ ಅಂತ ಲ್ಯಾಬಿನವರು ಅಳೆಯುತ್ತಾರೆ. ಅದು ಸಾಮಾನ್ಯವಾಗಿ 0.6ರಿಂದ 1.2ರೊಳಗೆ ಇರಬೇಕು. 1.5 ದಾಟಿದರೆ ಅಪಾಯ. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ಬೆಳಿಗ್ಗೆಯ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಲೆಕ್ಕ ತಪ್ಪುತ್ತದೆ.

ಒಂದು ಬೇಸಿಗೆಯಲ್ಲಿ ಒಬ್ಬ ರೈತರನ್ನು ಮನೆಯವರು ಹೆಗಲು ಕೊಟ್ಟು ಕರೆತಂದರು. ಕಾಲು ತಡವರಿಸುತ್ತಿತ್ತು, ಮಾತು ತೊದಲುತ್ತಿತ್ತು. ಬಸ್ಸಿನಲ್ಲಿ ಎಲ್ಲರೂ ಕುಡಿದಿದ್ದಾನೆ ಅಂದುಕೊಂಡರಂತೆ. ಬಾಯಲ್ಲಿ ವಾಸನೆ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ. ಸಣ್ಣ ನಡುಕ ಅಲ್ಲ, ಲೋಟ ಹಿಡಿಯಲಾಗದಷ್ಟು ಅದುರುತ್ತಿತ್ತು. ಹೆಂಡತಿಯನ್ನು ಕೇಳಿದೆ, "ಅಮ್ಮಾ, ಹೊಸದಾಗಿ ಏನಾದ್ರೂ ಮಾತ್ರೆ ತಗೊಂಡ್ರಾ?" ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ವಾರದಿಂದ ನುಂಗುತ್ತಿದ್ದರು. ಜೊತೆಗೆ ಎರಡು ದಿನ ಭೇದಿ. ಬಿಸಿಲಿನಲ್ಲಿ ಹೊಲದ ಕೆಲಸ ಬೇರೆ. ರಕ್ತ ಪರೀಕ್ಷೆಯಲ್ಲಿ ಲಿಥಿಯಂ ಮಿತಿ ಮೀರಿತ್ತು. ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿದರು. ಹೊತ್ತಿಗೆ ಬಂದಿದ್ದರು, ಉಳಿದರು.

ನಮ್ಮ ಮೂತ್ರಪಿಂಡಕ್ಕೆ ಲಿಥಿಯಂ ಉಪ್ಪಿನ ಅಣ್ಣತಮ್ಮನ ಹಾಗೆ. ಬೆವರಿನಲ್ಲೋ ವಾಂತಿಭೇದಿಯಲ್ಲೋ ಉಪ್ಪು, ನೀರು ಹೋದಾಗ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಿಥಿಯಮ್ಮೂ ಅದರ ಜೊತೆ ಒಳಗೇ ಉಳಿಯುತ್ತದೆ. ಹಾಗಾಗಿ ಇದನ್ನು ತೆಗೆದುಕೊಳ್ಳುವವರು ಉಪ್ಪು ಬಿಡುವ ವ್ರತ, ನೀರೂ ಕುಡಿಯದ ಉಪವಾಸ ಮಾಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು, ಬಿಪಿಯ ಕೆಲವು ಮಾತ್ರೆಗಳು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ವಾಂತಿ, ಭೇದಿ, ಜೋರು ನಡುಕ, ತೊದಲು ಕಂಡರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ. ಆದರೆ ಚೆನ್ನಾಗಿದ್ದೇನೆ ಅಂತ ತಾವಾಗಿಯೇ ನಿಲ್ಲಿಸಬೇಡಿ. ಕಾಯಿಲೆ ಮರಳಿ ಬರುತ್ತದೆ. ಒಂದು ಹೊತ್ತಿನದು ಮರೆತರೆ ಇನ್ನೊಂದು ಹೊತ್ತಿಗೆ ಎರಡು ನುಂಗುವುದೂ ಬೇಡ.

ಬೇರೆ ಮಾತ್ರೆಗಳಿಗೂ ಅವುಗಳದೇ ಗುರುತುಗಳಿವೆ. ಭ್ರಮೆ, ಇಲ್ಲದ ದನಿ ಕೇಳಿಸುವಂಥ ಕಾಯಿಲೆಗೆ ಕ್ಲೋಜಪೀನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು. ಬಿಳಿ ರಕ್ತಕಣ ಕುಸಿದಿರಬಹುದು. ಅಂಥದೇ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಶುರುಮಾಡಿದ ಮೊದಲ ದಿನಗಳಲ್ಲಿ ಕೆಲವರಿಗೆ ಕತ್ತು ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಮೈಮೇಲೆ ಏನೋ ಬಂದಿದೆ ಅಂತ ಮಂತ್ರ ಹಾಕಿಸಲು ಓಡಿದವರನ್ನು ನೋಡಿದ್ದೇನೆ. ಅದು ಮದ್ದಿನ ಅಡ್ಡ ಪರಿಣಾಮ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಬೇಗ ಸಡಿಲವಾಗುತ್ತದೆ.

ಮನೆಯವರು ನನ್ನನ್ನು ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ. "ಸಿಸ್ಟರ್, ಕಾಫಿಗೆ ಪುಡಿ ಮಾಡಿ ಹಾಕಲಾ?" ಅವರ ಸಂಕಟ ನನಗೆ ಗೊತ್ತು. ಎಷ್ಟೋ ರಾತ್ರಿ ನಿದ್ದೆ ಇಲ್ಲದೆ ಬಂದಿರುತ್ತಾರೆ. ಆದರೂ ಬೇಡ ಅನ್ನುತ್ತೇನೆ. ಊಟದಲ್ಲಿ ವಿಷ ಹಾಕುತ್ತಾರೆ ಅಂತ ಮೊದಲೇ ಹೆದರಿದವನಿಗೆ ಕಾಫಿಯಲ್ಲಿ ಕಹಿ ಸಿಕ್ಕರೆ ಅವನ ಅನುಮಾನವನ್ನು ನಾವೇ ನಿಜ ಮಾಡಿದಂತೆ. ಆಮೇಲೆ ತಾಯಿಯ ಕೈಯ ಅನ್ನವನ್ನೂ ಮುಟ್ಟುವುದಿಲ್ಲ. ಕೆಲವು ಮಾತ್ರೆಗಳನ್ನು ಪುಡಿ ಮಾಡಲೇಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ತನ್ನ ಚಿಕಿತ್ಸೆಯ ಬಗ್ಗೆ ತಿಳಿದುಕೊಳ್ಳುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ದಿನಾ ನುಂಗಲು ಆಗದವರಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ. ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ.

ಸಾಯುವ ಮಾತಾಡುವವರು ಮನೆಯಲ್ಲಿದ್ದರೆ ಮಾತ್ರೆ ಡಬ್ಬಿಗೆ ಬೀಗ ಇರಲಿ. ತಿಂಗಳದ್ದು ಒಟ್ಟಿಗೆ ತರಬೇಡಿ. ಒಂಟಿಯಾಗಿ ಬಿಡಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ಯಾರನ್ನು ಕೇಳುವುದು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ, ನಡುರಾತ್ರಿಯಲ್ಲೂ ಎತ್ತುತ್ತಾರೆ.

ಆ ರೈತರು ಆಮೇಲೆ ತಪಾಸಣೆಗೆ ಬರುತ್ತಿದ್ದರು. ಮಗಳ ಕೈಲಿ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆಸಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. "ನಾನು ಲಿಥಿಯಂ ತೆಗೆದುಕೊಳ್ಳುತ್ತೇನೆ." ಮೆಡಿಕಲ್ ಶಾಪಿಗೆ ಹೋದರೆ ಏನು ಬೇಕು ಅಂತ ಹೇಳುವ ಮೊದಲು ಆ ಚೀಟಿಯನ್ನು ಕೌಂಟರಿನ ಮೇಲೆ ಇಡುತ್ತಾರಂತೆ.

ನಮಸ್ಕಾರ.