ಅನುದಿನದ ಆಹಾರ, ಅದೂ ‘ನಮಗೆ’

ಎಲ್ಲರಿಗೂ ನಮಸ್ಕಾರ.

ದೈವಶಾಸ್ತ್ರ ಅಂದ ಕೂಡಲೇ ‘ಅದು ಪಾದ್ರಿಗಳಿಗೆ ಬಿಟ್ಟದ್ದು’ ಅಂತ ಎಷ್ಟೋ ಜನ ಪಕ್ಕಕ್ಕೆ ಸರಿಯುತ್ತಾರೆ. ಆದರೆ ನಾವು ದಿನಾ ಊಟಕ್ಕೆ ಮುಂಚೆಯೇ ಅದರೊಳಗೆ ಕಾಲಿಟ್ಟಿರುತ್ತೇವೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ಅನುದಿನದ ಆಹಾರವನ್ನು ನಮಗೆ ಕೊಡು’ ಅಂತ ಕೇಳುತ್ತೇವೆ ಅಲ್ವಾ? ಇವತ್ತು ಅದೊಂದೇ ಮಾತು ಹಿಡಿದುಕೊಳ್ಳೋಣ.

ಮತ್ತಾಯ, ಲೂಕ ಇಬ್ಬರ ಸುವಾರ್ತೆಯಲ್ಲೂ ‘ಅನುದಿನದ’ ಅನ್ನುವ ಕಡೆ ಇರುವ ಗ್ರೀಕ್ ಪದ ‘ಎಪಿಯೂಸಿಯೋಸ್’. ಇದು ಜನರ ಬಾಯಲ್ಲಿ ಇರುವ ಪದವಲ್ಲ, ಸುವಾರ್ತೆ ಬರೆದವರೇ ಹುಟ್ಟಿಸಿದಂತಿದೆ ಅಂತ 3ನೇ ಶತಮಾನದಲ್ಲೇ ಕ್ರೈಸ್ತ ವಿದ್ವಾಂಸ ಒರಿಗೆನ್ ಹೇಳಿದ. ಜೆರೋಮನ ಲ್ಯಾಟಿನ್ ಬೈಬಲಿನಲ್ಲಿ ಲೂಕನ ಕಡೆ ‘ದಿನದಿನದ’ ಅಂತ ಇದೆ. ಮತ್ತಾಯನ ಕಡೆ ಮಾತ್ರ ‘ಎಲ್ಲ ವಸ್ತುವನ್ನೂ ಮೀರಿದ’ ಅಂತಾಯಿತು. ಹಾಗಾದರೆ ನಾವು ಕೇಳುತ್ತಿರುವುದು ತಟ್ಟೆಯ ಅನ್ನವನ್ನೋ, ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನೋ? ನನಗೆ ಈ ಎರಡನ್ನೂ ಬೇರೆ ಮಾಡಲು ಮನಸ್ಸಿಲ್ಲ. ಹಸಿದವನ ಅನ್ನ ದೇವರಿಗೆ ಸಣ್ಣ ವಿಷಯವಾಗಿದ್ದರೆ ಯೇಸು ಅದನ್ನು ಈ ಪ್ರಾರ್ಥನೆಯಲ್ಲಿ ಸೇರಿಸುತ್ತಿರಲಿಲ್ಲ.

ಬೈಬಲಿನ ವಿಮೋಚನಕಾಂಡ 16ರಲ್ಲಿ ಮನ್ನದ ಕಥೆ ಬರುತ್ತದೆ, ಮರಳುಗಾಡಿನಲ್ಲಿ ದೇವರು ಇಸ್ರಾಯೇಲರಿಗೆ ಕೊಟ್ಟ ಆಹಾರ ಅದು. ಅವತ್ತಿಗೆ ಬೇಕಾದಷ್ಟೇ ಕೂಡಿಸಿಕೊಳ್ಳಿ ಅಂದರೂ ಕೆಲವರು ನಾಳೆಗೆ ಇರಲಿ ಅಂತ ಉಳಿಸಿಟ್ಟರು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರುತ್ತಿತ್ತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗಾಗಿ ಎರಡರಷ್ಟು ತಂದದ್ದು ಮಾತ್ರ ಕೆಡಲಿಲ್ಲ. ಅಂದರೆ ಕೂಡಿಡುವುದೇ ತಪ್ಪಲ್ಲ. ಯಾಕೆ ಕೂಡಿಡುತ್ತೇವೆ ಅನ್ನುವುದೇ ಮುಖ್ಯ.

ಇನ್ನು ‘ನಮಗೆ’. ‘ನನಗೆ’ ಅಲ್ಲ! ಎಷ್ಟು ಸಲ ಹೇಳಿದರೂ ನಾನು ಇಲ್ಲಿ ತಡೆದು ನಿಲ್ಲುತ್ತೇನೆ. ಮಿಜೋರಾಂನ ಹೆಂಗಸರು 1910ರಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ, ಚರ್ಚಿಗಾಗಿ. ಬಡವರ ಮನೆಯಲ್ಲೂ ಅಷ್ಟೇ. ಅದರ ಹೆಸರು ‘ಬುಹ್‌ಫಾಯಿ ಥಾಮ್’. ಒಲೆ ಹೊತ್ತಿಸುವ ಮೊದಲೇ ‘ನಮಗೆ’ ಅನ್ನುವುದರೊಳಗೆ ಇನ್ನೊಬ್ಬರೂ ಸೇರಿಬಿಡುತ್ತಾರೆ.

ನಮ್ಮ ಮಂಗಳೂರು ಕಡೆಯ ಕೊಂಕಣಿ ಕಥೊಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ, ತೆನೆ ಹಬ್ಬ. ಮೊಂತಿ ಫೆಸ್ತ್ ಅಂತಲೂ ಕರೆಯುತ್ತಾರೆ. ಒಂಬತ್ತು ದಿನ ಮಕ್ಕಳು ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಕೊಡುತ್ತಾರೆ. ಮನೆಗೆ ಬಂದ ತೆನೆಯ ಕಾಳುಗಳನ್ನು ಉಗುರಿನಲ್ಲಿ ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಆದ ಮೇಲೆ ಎಲ್ಲರಿಗೂ ಸ್ವಲ್ಪ ಸ್ವಲ್ಪ. ಮುಂಬೈಯಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳ ಪಾಲು ಲಕೋಟೆಗೆ ಹೋಗುತ್ತದೆ: ಕಾಗದದಲ್ಲಿ ಮಡಿಸಿದ ನಾಲ್ಕು ಕಾಳು, ಮೇಲೆ ಅಮ್ಮನ ಕೈಬರಹದ ವಿಳಾಸ.