ಬೆಟ್ಟದಿಂದ ಬಂದ ದಿನವೇ ಚಾರ್ಜಿಗೆ ಹಾಕಿ

ಕೇಳುಗರೇ, ನಮಸ್ಕಾರ.

ಔಷಧಿ ಹೊಡೆಯುವ ಬ್ಯಾಟರಿ ಪಂಪು ನಿಮ್ಮ ಮನೆಯಲ್ಲೂ ಇರಬಹುದು. ಅದರ ಹೊಟ್ಟೆಯೊಳಗೆ ಒಂದು ಪುಟ್ಟ, ಭಾರದ ಪೆಟ್ಟಿಗೆ ಇರುತ್ತದೆ. 12 ವೋಲ್ಟ್, 8 ಆಂಪಿಯರ್ ಅವರ್ ಅಂತ ಬರೆದಿರುತ್ತದೆ. ಆಂಪಿಯರ್ ಅವರ್ ಅಂದರೆ ಎಷ್ಟು ಆಂಪಿಯರ್ ಕರೆಂಟು ಎಷ್ಟು ಗಂಟೆ ಸಿಗುತ್ತದೆ ಅನ್ನುವ ಲೆಕ್ಕ. ಅದೇ ಜಾತಿಯ ಬ್ಯಾಟರಿಯನ್ನು ಚೀಲದಲ್ಲಿ ಹಾಕಿಕೊಂಡು ನಾನು ಗುಡ್ಡ ಹತ್ತುತ್ತೇನೆ. ಔಷಧಿ ಹೊಡೆಯುವುದಕ್ಕಲ್ಲ, ಮಾತಾಡುವುದಕ್ಕೆ.

ನಾನು ಹವ್ಯಾಸಿ ರೇಡಿಯೋದವನು. ಹ್ಯಾಮ್ ಅಂತಾರಲ್ಲ, ಅದು. ಪರೀಕ್ಷೆ ಪಾಸು ಮಾಡಿ, ಕೇಂದ್ರ ಸರ್ಕಾರದ ಲೈಸೆನ್ಸು ಪಡೆದು ಮಾತು ಕಳಿಸುವ, ಮಾತು ಹಿಡಿಯುವ ಹುಚ್ಚು. ಮನೆಯಲ್ಲಿ ಕೂತು ಮಾಡುವುದಕ್ಕಿಂತ ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ತಂತಿ ಕಟ್ಟಿ ಮಾತಾಡುವ ಮಜವೇ ಬೇರೆ. ಊರಿನ ಎಲ್‌ಇಡಿ ಬಲ್ಬು, ಮೋಟಾರುಗಳು ರೇಡಿಯೋದಲ್ಲಿ ಎಬ್ಬಿಸುವ ಗರಗರ ಅಲ್ಲಿ ಇರುವುದಿಲ್ಲ. ಪ್ಲಗ್ ಪಾಯಿಂಟೂ ಇರುವುದಿಲ್ಲ ಅನ್ನಿ. ಎದುರು ಸಾಲಿನಲ್ಲಿ ಗಾಳಿಯಂತ್ರಗಳು ಲಕ್ಷಗಟ್ಟಲೆ ವಾಟ್ ಕರೆಂಟು ಮಾಡುತ್ತಾ ತಿರುಗುತ್ತಿರುತ್ತವೆ. ಇಲ್ಲಿ ನನಗೆ 2 ಆಂಪಿಯರ್‌ಗೂ ಗತಿಯಿಲ್ಲ!

ಒಂದು ಭಾನುವಾರ ಹೀಗಾಯಿತು. 7 ಮೆಗಾಹರ್ಟ್ಸ್‌ನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹಿರಿಯರು ಚೆನ್ನಾಗಿ ಸಿಕ್ಕಿದ್ದರು. ನಾನು ಬಟನ್ ಒತ್ತಿ "ದುರ್ಗದಿಂದ" ಅನ್ನುವಷ್ಟರಲ್ಲಿ ಸೆಟ್ಟಿನ ದೀಪ ಆರಿತು. ಮತ್ತೆ ಆನ್ ಮಾಡಿದೆ. ಅವರ ಮಾತು ಸ್ಪಷ್ಟವಾಗಿ ಕೇಳಿಸುತ್ತಿದೆ. ಉತ್ತರ ಕೊಡಲು ಹೋದರೆ ಮತ್ತೆ ದೀಪ ಹೋಯಿತು. ಮೀಟರ್ ಹಿಡಿದು ನೋಡಿದೆ. ಸುಮ್ನೆ ಇದ್ದಾಗ 12.1 ವೋಲ್ಟ್, ಬಟನ್ ಒತ್ತಿದ ಕೂಡಲೇ 10.4. ಅವರು ಅಲ್ಲಿಂದ ನನ್ನನ್ನು ಕರೆಯುತ್ತಲೇ ಇದ್ದರು. ನಾನು ಇಲ್ಲಿ ಕೇಳಿಸಿಕೊಳ್ಳುತ್ತಾ ಪೆಚ್ಚಾಗಿ ಕೂತಿದ್ದೆ.

ತಪ್ಪು ನನ್ನದೇ. ಹಿಂದಿನ ರಾತ್ರಿ ಹತ್ತಕ್ಕೆ ಚಾರ್ಜಿಗೆ ಹಾಕಿದ್ದೆ, ಹನ್ನೊಂದಕ್ಕೆ ಕರೆಂಟು ಹೋಗಿತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅದಕ್ಕೂ ಮೂರು ವಾರ ಮೊದಲು ಗುಡ್ಡದಿಂದ ಇಳಿದು ಬಂದವನು ಬ್ಯಾಟರಿಯನ್ನು ಚೀಲದಲ್ಲೇ ಬಿಟ್ಟಿದ್ದೆ, ಅರ್ಧ ಖಾಲಿಯಾದ ಹಾಗೇ.

ನನ್ನದು ಲೆಡ್ ಆಸಿಡ್, ಅಂದರೆ ಸೀಸ ಮತ್ತು ಆಮ್ಲದ ಬ್ಯಾಟರಿ. ಅದಕ್ಕೆ ಇದು ವಿಷ. ಖಾಲಿಯಾಗುತ್ತಾ ಹೋದಂತೆ ಒಳಗಿನ ಸೀಸದ ಹಲಗೆಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಅದು ಹೊಸತಾಗಿರುವಾಗಲೇ ಚಾರ್ಜ್ ಮಾಡಿದರೆ ಕರಗಿ ಹೋಗುತ್ತದೆ. ವಾರಗಟ್ಟಲೆ ಬಿಟ್ಟರೆ ಗಟ್ಟಿ ಹರಳಾಗುತ್ತದೆ, ಆಮೇಲೆ ಜಪ್ಪಯ್ಯ ಅಂದರೂ ಕರಗುವುದಿಲ್ಲ. ಅಷ್ಟು ಜಾಗ ಹೋದಂತೆಯೇ. ಹಂಗಾಮು ಮುಗಿದ ಮೇಲೆ ಮೂಲೆಗಿಟ್ಟ ಪಂಪು ಮುಂದಿನ ಹಂಗಾಮಿಗೆ ಅರ್ಧ ಟ್ಯಾಂಕಿಗೇ ನಿಲ್ಲುತ್ತದಲ್ವಾ? ಅದೇ ಕಾಯಿಲೆ.

ಇನ್ನು ಚಾರ್ಜ್ ಮಾಡುವಾಗ ಅವಸರ ನಡೆಯುವುದಿಲ್ಲ. ಚೀಲಕ್ಕೆ ಶೇಂಗಾ ತುಂಬುವುದನ್ನು ನೋಡಿದ್ದೀರಿ. ಮುಕ್ಕಾಲು ಚೀಲ ಸರಸರನೆ ತುಂಬುತ್ತದೆ, ಉಳಿದದ್ದನ್ನು ಕುಲುಕಿ ಕುಲುಕಿ ತುಂಬಬೇಕು. ಇದೂ ಹಾಗೇ. ಚಾರ್ಜರ್ 14.4 ವೋಲ್ಟ್ ಮುಟ್ಟಿದ ಮೇಲೆ ಬ್ಯಾಟರಿ ಎಳೆಯುವ ಕರೆಂಟು ನಿಧಾನ ಇಳಿಯುತ್ತದೆ. ಆ ಕೊನೆಯ ಭಾಗಕ್ಕೇ ಗಂಟೆಗಳು ಬೇಕು. ನನ್ನ 7 ಆಂಪಿಯರ್ ಅವರ್ ಬ್ಯಾಟರಿಗೆ ಮುಕ್ಕಾಲು ಆಂಪಿಯರ್ ಕೊಟ್ಟರೆ ರಾತ್ರಿಯಿಡೀ ಹಿಡಿಯುತ್ತದೆ.

ನನ್ನ 5 ವಾಟ್ ಸೆಟ್ಟು ಕೇಳುವಾಗ ಅರ್ಧ ಆಂಪಿಯರ್‌ಗಿಂತ ಕಡಿಮೆ, ಮಾತಾಡುವಾಗ ಸುಮಾರು 2 ಆಂಪಿಯರ್ ತಿನ್ನುತ್ತದೆ. ನಾಲ್ಕು ಗಂಟೆ ಕೂತರೆ ಮೂರು ಆಂಪಿಯರ್ ಅವರ್ ಖರ್ಚು. ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ನಮ್ಮದು ಅಂತ ಇಟ್ಟುಕೊಳ್ಳಬೇಕು. ಅಲ್ಲಿಗೆ ಸರಿಹೋಯಿತು.

ಈಗೀಗ ಲಿಥಿಯಂ ಐರನ್ ಫಾಸ್ಫೇಟ್ ಬಂದಿದೆ. ತೂಕ ಅರ್ಧ, ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಬೆಟ್ಟ ಹತ್ತುವವನ ಭುಜಕ್ಕೆ ಇದು ದೊಡ್ಡ ಮಾತು. ಅರ್ಧ ಚಾರ್ಜಿನಲ್ಲಿ ಇಟ್ಟರೂ ಬೇಜಾರಿಲ್ಲ, ಹಾಗಿಡುವುದೇ ಒಳ್ಳೆಯದು. ಆದರೆ ಅದಕ್ಕೆ ಅದರದೇ ಚಾರ್ಜರ್ ಬೇಕು, 14.6 ವೋಲ್ಟ್‌ಗೆ ಹೋಗಿ ನಿಲ್ಲುವಂಥದ್ದು. ಕೆಲವು ಲೆಡ್ ಚಾರ್ಜರ್‌ಗಳು ಹಳೆ ಬ್ಯಾಟರಿ ಬದುಕಿಸಲು 15 ವೋಲ್ಟ್‌ಗಿಂತ ಜಾಸ್ತಿ ಪೆಟ್ಟು ಕೊಡುತ್ತವೆ. ಲಿಥಿಯಂಗೆ ಅದು ಆಗಿಬರುವುದಿಲ್ಲ. ಇನ್ನೊಂದು ತಮಾಷೆ, ಇದು ಖಾಲಿಯಾಗುವ ತನಕ ಮೀಟರ್ ಹೆಚ್ಚುಕಡಿಮೆ 13 ವೋಲ್ಟ್ ತೋರಿಸುತ್ತಲೇ ಇರುತ್ತದೆ. ಮೀಟರ್ ನಂಬಿ ಕೂತರೆ ಕೆಟ್ಟಿರಿ.

ಸೋಲಾರ್ ಆಗಲ್ವಾ ಅಂತ ಕೇಳುತ್ತೀರಿ. ದುರ್ಗದ ಬಿಸಿಲಿಗೆ ಏನು ಬರ! 20 ವಾಟ್ ಪ್ಯಾನೆಲ್ ಬಂಡೆಗೆ ಒರಗಿಸಿದರೆ ಒಂದು ಆಂಪಿಯರ್ ಬರುತ್ತದೆ. 12 ವೋಲ್ಟ್ ಪ್ಯಾನೆಲ್ ಅಂದರೂ ಸುಮ್ನೆ ಬಿಸಿಲಿಗೆ ಹಿಡಿದರೆ 20, 21 ವೋಲ್ಟ್ ಇರುತ್ತದೆ. ಹಾಗಾಗಿ ನಡುವೆ ಚಾರ್ಜನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಬೇಕೇ ಬೇಕು. ಅಗ್ಗದ ಕಂಟ್ರೋಲರ್ ತಂದರೆ ಊರಲ್ಲಿ ಬಿಟ್ಟು ಬಂದ ಗರಗರ ಅದರೊಳಗಿಂದಲೇ ಶುರುವಾಗುತ್ತದೆ. ನಾನಂತೂ ಮಾತಾಡುವಾಗ ಪ್ಯಾನೆಲ್ ವೈರು ಕಿತ್ತು, ಊಟಕ್ಕೆ ಕೂತಾಗ ಸಿಕ್ಕಿಸುತ್ತೇನೆ.

ಈಗ ಗುಡ್ಡದಿಂದ ಬಂದರೆ ಶೂ ಬಿಚ್ಚುವ ಮೊದಲು ಲೆಡ್ ಬ್ಯಾಟರಿ ಚಾರ್ಜಿಗೆ ಹೋಗುತ್ತದೆ. ಮನೆಯವರು ನಗುತ್ತಾರೆ, ನಗಲಿ. ನಿಮ್ಮ ಪಂಪೂ ಮೂಲೆಯಲ್ಲಿದ್ದರೆ ಇವತ್ತು ರಾತ್ರಿ ಹಾಕಿ ನೋಡಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಹಾಕಬೇಡಿ. ಲೆಡ್ ಆದರೆ ಬ್ಯಾಟರಿ ಅಂಗಡಿಗೆ ಕೊಡಿ, ಹಳೆ ಸೀಸಕ್ಕೆ ತೂಕದ ಲೆಕ್ಕದಲ್ಲಿ ಅಷ್ಟಿಷ್ಟು ದುಡ್ಡು ಸಿಗುತ್ತದೆ.